ಪಕ್ ಸ್ಕ್ರೀನ್: 20 ತಿಂಗಳು ಬಳಸಿದ ಮೇಲೆ

ನಮ್ಮ ಮನೆಯ ಎಸ್ಪ್ರೆಸೊ ಮಷಿನ್‌ಗೆ ಪಕ್ ಸ್ಕ್ರೀನ್ ಹಾಕಲು ಶುರು ಮಾಡಿ 20 ತಿಂಗಳಾಯಿತು. ದಿನಕ್ಕೆ ಕಡಿಮೆ ಅಂದರೂ ಮೂರು ಶಾಟ್, ಅಂದರೆ ಮೂರು ಸಲ ಇಳಿಸುವ ಗಟ್ಟಿ ಕಾಫಿ. ಬೆಳಗ್ಗೆ ಎರಡು, ಸಂಜೆ ಒಂದು. ಅಂದರೆ ಹತ್ತಿರ ಹತ್ತಿರ 1,800 ಸಲ ಆ ಬಿಲ್ಲೆ ನನ್ನ ಕೈಯಲ್ಲಿ ಹೋಗಿ ಬಂದಿದೆ. ಕೊಳ್ಳುವಾಗ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ. ಈಗ ಗೊತ್ತಿರುವುದನ್ನು ಬರೆದಿಟ್ಟರೆ ಯಾರಿಗಾದರೂ ದುಡ್ಡು ಉಳಿಯಬಹುದು ಅನ್ನಿಸಿತು.

ಮೊದಲ ಸಲ ಕೇಳುತ್ತಿರುವವರಿಗೆ ಹೇಳುತ್ತೇನೆ. ಇದು ಸ್ಟೇನ್‌ಲೆಸ್ ಸ್ಟೀಲಿನ ದುಂಡನೆಯ ಜಾಲರಿ ಬಿಲ್ಲೆ. ಪೋರ್ಟಾಫಿಲ್ಟರ್ ಅಂದರೆ ಮಷಿನ್‌ಗೆ ಸಿಕ್ಕಿಸುವ ಹಿಡಿ, ಬಾಸ್ಕೆಟ್ ಅಂದರೆ ಅದರೊಳಗೆ ಕೂರುವ ತೂತಿನ ಬಟ್ಟಲು. ಬಾಸ್ಕೆಟ್‌ಗೆ ಪುಡಿ ಹಾಕಿ, ಟ್ಯಾಂಪರ್ ಅನ್ನುವ ಒತ್ತುವ ಸಾಧನದಿಂದ ಒತ್ತಿ (ಹೀಗೆ ಒತ್ತಿದ ಪುಡಿಯ ಗಟ್ಟಿಯೇ ಪಕ್), ಅದರ ಮೇಲೆ ಇದನ್ನಿಟ್ಟು ಪೋರ್ಟಾಫಿಲ್ಟರನ್ನು ಮಷಿನ್‌ಗೆ ಸಿಕ್ಕಿಸಬೇಕು. ನೀರು ಇದರ ಮೂಲಕ ಹಾದು ಪುಡಿಗೆ ಇಳಿಯುತ್ತದೆ.

ಪಾರ್ಸೆಲ್ ಬಿಚ್ಚಿದ ದಿನ ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ನಮ್ಮ ಫಿಲ್ಟರ್ ಒಳಗೆ ಇಡೋ ತೂತಿನ ಬಿಲ್ಲೆ ತರಾನೇ ಇದೆಯಲ್ಲೋ, ಹಿಡಿ ಇಲ್ಲ ಅಷ್ಟೇ" ಅಂದರು. ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೂ ಬರುವುದಿಲ್ಲ. ಫಿಲ್ಟರ್‌ನಲ್ಲಿ ಆ ಬಿಲ್ಲೆ ಇಡದೆ ಬಿಸಿನೀರು ಸುರಿದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ನೀರು ಬಿದ್ದ ಜಾಗದಲ್ಲಿ ಪುಡಿ ಗುಂಡಿ ಬೀಳುತ್ತದೆ, ಉಳಿದ ಪುಡಿ ಮೇಲೆದ್ದು ತೇಲುತ್ತದೆ, ಡಿಕಾಕ್ಷನ್ ನೀರಾಗಿ ಇಳಿಯುತ್ತದೆ. ಇಲ್ಲೂ ಕೆಲಸ ಅದೇ. ಫಿಲ್ಟರ್‌ನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಮಷಿನ್‌ನಲ್ಲಿ ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗುತ್ತದೆ.

ನಾನು ಕೊಂಡದ್ದು ರುಚಿಗಾಗಿ ಅಲ್ಲ. ಕೊಳೆಯಿಂದಾಗಿ.

ನಮ್ಮದು 58 ಮಿ.ಮೀ. ಬಾಸ್ಕೆಟ್‌ನ ಸಿಂಗಲ್ ಬಾಯ್ಲರ್ ಮಷಿನ್. ಅದರಲ್ಲಿ ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ ಇದೆ. ಶಾಟ್ ನಿಲ್ಲಿಸಿದ ಕೂಡಲೇ ಪುಡಿಯ ಮೇಲೆ ಉಳಿದಿರುವ ಒತ್ತಡವೆಲ್ಲ ಆ ವಾಲ್ವ್ ಮೂಲಕ ಕೆಳಗಿನ ತಟ್ಟೆಗೆ "ಪುಸ್" ಅಂತ ಹೋಗುತ್ತದೆ. ಹೋಗುವಾಗ ಸುಮ್ನೆ ಹೋಗುವುದಿಲ್ಲ. ಪುಡಿಯ ಮೇಲ್ಭಾಗದ ನುಣುಪು ಕಣಗಳನ್ನೂ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಅದರಲ್ಲಿ ಒಂದಿಷ್ಟು ಶವರ್ ಸ್ಕ್ರೀನ್ ಹಿಂದೆ, ಅಂದರೆ ಮಷಿನ್‌ನಲ್ಲಿ ಪುಡಿಯ ಮೇಲೆ ನೀರು ಸುರಿಸುವ ತೂತಿನ ತಟ್ಟೆಯ ಹಿಂದೆ, ಕೂತುಬಿಡುತ್ತದೆ. ನಾನು ವಾರಕ್ಕೊಮ್ಮೆ ಸ್ಕ್ರೂ ಬಿಚ್ಚಿ ತೊಳೆಯುತ್ತಿದ್ದೆ. ಒಂದು ಸಲ ಮನೆಯಲ್ಲಿ ಮದುವೆ ಓಡಾಟ, ಐದು ವಾರ ಬಿಚ್ಚಲಿಲ್ಲ. ಆಮೇಲೆ ಬಿಚ್ಚಿದಾಗ ಶವರ್ ಸ್ಕ್ರೀನ್ ಸುಲಭಕ್ಕೆ ಕೆಳಗೆ ಬರಲೇ ಇಲ್ಲ. ಚಮಚದ ಹಿಡಿಯಿಂದ ಮೀಟಿದ ಮೇಲೆ ಬಂತು. ಹಿಂಬದಿ ತುಂಬ ಕಾಡಿಗೆಯಂಥ ಕಪ್ಪು ಲೇಪ. ಬೆರಳಲ್ಲಿ ಮುಟ್ಟಿದರೆ ಅಂಟು. ಹಳೆಯ ಕಡಲೆಕಾಯಿ ಎಣ್ಣೆ ಡಬ್ಬದ ತಳದಲ್ಲಿ ಬರುತ್ತದಲ್ಲ, ಆ ಕಮಟು ವಾಸನೆ. ಐದು ವಾರ ಮನೆಗೆ ಬಂದ ನೆಂಟರಿಗೆಲ್ಲ ಅದರ ಮೂಲಕ ಇಳಿದ ಕಾಫಿಯನ್ನೇ ಕೊಟ್ಟಿದ್ದೆ ಅಂತ ನೆನೆದು ಬೇಸರವಾಯಿತು. ಅವತ್ತೇ ಪಕ್ ಸ್ಕ್ರೀನ್ ಆರ್ಡರ್ ಮಾಡಿದೆ.

ಸ್ಕ್ರೀನ್ ಬಂದ ಮೇಲೆ ಬೇಕಂತಲೇ ಮತ್ತೆ ಐದು ವಾರ ಬಿಚ್ಚದೆ ಬಿಟ್ಟೆ. ಆಮೇಲೆ ನೋಡಿದರೆ ಶವರ್ ಸ್ಕ್ರೀನ್ ಹಿಂದೆ ತೆಳು ಕಂದು ಬಣ್ಣ, ಅಷ್ಟೇ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಈ ಒಂದು ಕಾರಣಕ್ಕೇ ನಾನು ಇದನ್ನು 20 ತಿಂಗಳಿಂದ ಬಳಸುತ್ತಿದ್ದೇನೆ.

ರುಚಿಯ ವಿಷಯಕ್ಕೆ ಬರೋಣ. ಮಾರುವವರು ಹೇಳುವುದೇ ಬೇರೆ. ನೀರು ಎಲ್ಲ ಕಡೆ ಸಮವಾಗಿ ಹರಡುತ್ತದೆ, ಚಾನೆಲಿಂಗ್ ಆಗುವುದಿಲ್ಲ, ಕಾಫಿ ಸಿಹಿಯಾಗುತ್ತದೆ ಅಂತ. ನಾನು ಒಂದೇ ಚೀಲದ ಬೀಜ ಇಟ್ಟುಕೊಂಡು ಪರೀಕ್ಷೆ ಮಾಡಿದೆ. ಚಿಕ್ಕಮಗಳೂರಿನ ಅರೇಬಿಕಾ, ಹುರಿದು ಹತ್ತು ದಿನವಾಗಿತ್ತು. 17 ಗ್ರಾಂ ಪುಡಿ, 34 ಗ್ರಾಂ ಕಾಫಿ. ಸ್ಕ್ರೀನ್ ಇಟ್ಟು ಒಂದು, ಇಡದೆ ಒಂದು. ಯಾವುದು ಯಾವುದು ಅಂತ ಹೇಳದೆ, ಹಾಲು ಸಕ್ಕರೆ ಹಾಕದೆ ಹೆಂಡತಿಗೆ ಕೊಟ್ಟೆ. ಅವಳ ನಾಲಿಗೆ ನನ್ನದಕ್ಕಿಂತ ಚುರುಕು. ಸಾರಿಗೆ ಹುಣಸೆ ಒಂದು ಚೂರು ಜಾಸ್ತಿಯಾದರೂ ಹಿಡಿಯುತ್ತಾಳೆ. 12 ಜೋಡಿಯಲ್ಲಿ 7 ಸಲ ಸ್ಕ್ರೀನ್ ಇದ್ದ ಕಪ್ಪನ್ನು ಸರಿಯಾಗಿ ಹೇಳಿದಳು. ಸುಮ್ನೆ ಊಹಿಸಿದ್ದರೂ ಸುಮಾರು ಅಷ್ಟೇ ಬರುತ್ತಿತ್ತು, ಅಲ್ವಾ? ಶಾಟ್ ಇಳಿಯುವ ಸಮಯದಲ್ಲಿ ಒಂದೆರಡು ಸೆಕೆಂಡ್ ವ್ಯತ್ಯಾಸ, ಅದೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.

ಚಾನೆಲಿಂಗ್ ಅಂದರೆ ನೀರು ಪುಡಿಯಲ್ಲಿ ಸುಲಭದ ಒಂದು ದಾರಿ ಹುಡುಕಿಕೊಂಡು ಅಲ್ಲೇ ಹರಿಯುವುದು. ಪುಡಿ ಗಂಟು ಕಟ್ಟಿದ್ದರೆ, ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ ಬಿದ್ದಿದ್ದರೆ, ಟ್ಯಾಂಪ್ ಓರೆಯಾಗಿದ್ದರೆ ಆಗುತ್ತದೆ. ಇದೆಲ್ಲ ಜಾಲರಿಯ ಕೆಳಗಿನ ಕಥೆ. ಮೇಲೆ ಕೂತಿರುವ ಬಿಲ್ಲೆ ಇದನ್ನು ಸರಿ ಮಾಡಲಾರದು. ತೆಳು ಸೂಜಿಗಳಿಂದ ಪುಡಿ ಕೆದಕಿ ಸಮ ಮಾಡಲು ಕಲಿತ ದಿನ ನನ್ನ ಶಾಟ್‌ಗಳು ಕಣ್ಣಿಗೆ ಕಾಣುವಷ್ಟು ಸುಧಾರಿಸಿದವು. ಇನ್ನೂ ಆ ಸೂಜಿ ಇಲ್ಲದವರು ಮೊದಲು ಅದನ್ನು ಕೊಳ್ಳಿ. ಗ್ರೈಂಡರ್ ಸರಿ ಇಲ್ಲದವರು ಈ ಸ್ಕ್ರೀನ್ ದುಡ್ಡನ್ನೂ ಗ್ರೈಂಡರ್‌ಗೇ ಎತ್ತಿಡಿ.

ಆರಿಸುವಾಗ ನಾನು ಎಡವಿದ್ದು ಬಾಸ್ಕೆಟ್ ವಿಷಯದಲ್ಲಿ. 58 ಮಿ.ಮೀ. ಬಾಸ್ಕೆಟ್‌ಗೆ ಸಾಮಾನ್ಯವಾಗಿ 58.5 ಮಿ.ಮೀ. ಸ್ಕ್ರೀನ್ ಮಾರುತ್ತಾರೆ. ಅಳತೆ ಸರಿಯಾಗಿಯೇ ಇತ್ತು. ಆದರೆ ಮಷಿನ್ ಜೊತೆ ಬಂದ ಬಾಸ್ಕೆಟ್‌ನ ಒಳಗೋಡೆಯಲ್ಲಿ ಸುತ್ತಲೂ ಒಂದು ಸಣ್ಣ ಏಣು ಇತ್ತು. ಬಾಸ್ಕೆಟ್ ಪೋರ್ಟಾಫಿಲ್ಟರ್‌ನಿಂದ ಕಳಚಿ ಬೀಳದಿರಲಿ ಅಂತ ಸ್ಪ್ರಿಂಗ್ ಹಿಡಿಯಲು ಮಾಡಿದ ಏಣು ಅದು. ಸ್ಕ್ರೀನ್ ಅದಕ್ಕೆ ತಗುಲಿ ಓರೆಯಾಗಿ ನಿಲ್ಲುತ್ತಿತ್ತು. ಬಲವಾಗಿ ಒತ್ತಿದರೆ ಕೆಳಗೆ ಹೋಗುತ್ತಿತ್ತು, ಆಮೇಲೆ ಮೇಲೆ ಬರುತ್ತಿರಲಿಲ್ಲ. ಕೊನೆಗೆ ಏಣಿಲ್ಲದ, ನೇರ ಗೋಡೆಯ 18 ಗ್ರಾಂ ಬಾಸ್ಕೆಟ್ ಬೇರೆ ಕೊಳ್ಳಬೇಕಾಯಿತು. ಸ್ಕ್ರೀನಿಗೆ ಕೊಟ್ಟದ್ದಕ್ಕಿಂತ ಬಾಸ್ಕೆಟ್‌ಗೇ ಜಾಸ್ತಿ ಕೊಟ್ಟೆ. ಹಾಗಾಗಿ ಆರ್ಡರ್ ಮಾಡುವ ಮೊದಲು ಬಾಸ್ಕೆಟ್ ಒಳಗೆ ಬೆರಳಾಡಿಸಿ ನೋಡಿ. ಉಬ್ಬು ಸಿಕ್ಕಿದರೆ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು, ಪುಡಿಯ ಮೇಲಿನ ಜಾಗ. ನನ್ನ ಸ್ಕ್ರೀನ್ 1.7 ಮಿ.ಮೀ. ದಪ್ಪ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಒತ್ತಿದ ಪುಡಿಗೂ ಶವರ್ ಸ್ಕ್ರೀನಿಗೂ ನಡುವೆ ಇರುವ ಜಾಗವೇ ಕೆಲವು ಮಿಲಿಮೀಟರ್. ನಮ್ಮ ಮಷಿನ್‌ನಲ್ಲಿ ಮಧ್ಯದ ಸ್ಕ್ರೂ ತಲೆ ಬೇರೆ ಕೆಳಗೆ ಚಾಚಿಕೊಂಡಿದೆ. ಮೊದಲ ದಿನ ಎಂದಿನಂತೆ 18 ಗ್ರಾಂ ಹಾಕಿ ಸ್ಕ್ರೀನ್ ಇಟ್ಟೆ. ಪೋರ್ಟಾಫಿಲ್ಟರ್ ಅರ್ಧಕ್ಕೇ ನಿಂತಿತು. ಬಲ ಹಾಕಿ ತಿರುಗಿಸಿದೆ. ಬದಿಯಿಂದ ಬಿಸಿನೀರು ಸೋರಿತು, ಸ್ಕ್ರೀನ್ ನಡುವೆ ಸ್ಕ್ರೂ ತಲೆಯ ಗುರುತು ಬಿತ್ತು. ಆ ಗುರುತು ಇವತ್ತಿಗೂ ಇದೆ. ಮರುದಿನದಿಂದ 17 ಗ್ರಾಂಗೆ ಇಳಿಸಿದೆ, ಸರಿಹೋಯಿತು. ಇಲ್ಲೊಂದು ವಿಷಯ ಗಮನಿಸಿ. ಕಪ್ಪಗೆ ಹುರಿದ ಬೀಜ ಹಗುರ. ಅಷ್ಟೇ ಗ್ರಾಂಗೆ ಬಾಸ್ಕೆಟ್‌ನಲ್ಲಿ ಜಾಸ್ತಿ ಎತ್ತರಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಹಾಲು ಕಾಫಿಗೆ ಕಪ್ಪು ಹುರಿತವೇ ಇಷ್ಟ. ಅದಕ್ಕೆ 16.5 ಗ್ರಾಂ ಮೇಲೆ ಹೋಗುವುದಿಲ್ಲ. ತಿಳಿಯಾಗಿ ಹುರಿದದ್ದಾದರೆ 17.5ರವರೆಗೂ ನಡೆಯುತ್ತದೆ. ಸ್ಕ್ರೀನ್ ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಬಹುದು. ಒತ್ತಿದ ಪುಡಿಯ ಮೇಲೆ ಒಂದು ನಾಣ್ಯ ಇಟ್ಟು, ಪೋರ್ಟಾಫಿಲ್ಟರ್ ಸಿಕ್ಕಿಸಿ, ನೀರು ಬಿಡದೆ ಬಿಚ್ಚಿ ನೋಡಿ. ನಾಣ್ಯ ಪುಡಿಯೊಳಗೆ ಹೂತುಹೋಗಿದ್ದರೆ ಜಾಗ ಸಾಲದು.

0.2 ಮಿ.ಮೀ. ತೆಳು ಸ್ಕ್ರೀನ್ ಕೂಡ ಸಿಗುತ್ತದೆ. ಅದನ್ನೂ ಎರಡು ತಿಂಗಳು ಬಳಸಿದೆ. ಪುಡಿ ಕಡಿಮೆ ಮಾಡುವ ಗೋಜಿಲ್ಲ, ಬೇಗ ಬಿಸಿಯಾಗುತ್ತದೆ. ಆದರೆ ಪಕ್ ತೆಗೆಯುವಾಗ ಅಂಚು ಬಾಗಿತು. ಬಾಗಿದ ಮೇಲೆ ಆ ಕಡೆಯಿಂದ ಪುಡಿ ಮೇಲಕ್ಕೆ ನುಸುಳಿತು. ನನಗೆ ದಪ್ಪದ್ದೇ ಸರಿ.

ದಪ್ಪದ್ದಕ್ಕೆ ಒಂದು ಕೊರತೆ ಇದೆ, ಅದು ಬಿಸಿ. ನನ್ನದು ತಕ್ಕಡಿಯಲ್ಲಿ 27 ಗ್ರಾಂ ತೂಗಿತು. ಅಷ್ಟು ತಣ್ಣನೆಯ ಉಕ್ಕು ಪುಡಿಯ ಮೇಲೆ ಕೂತರೆ ಮೊದಲು ಬರುವ ನೀರಿನ ಬಿಸಿಯನ್ನು ಅದೇ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ನನಗೆ ಗೊತ್ತೇ ಆಗಲಿಲ್ಲ. ಡಿಸೆಂಬರ್‌ನಲ್ಲಿ, ಬೆಂಗಳೂರಿನ ಹನುಮಂತನಗರದ ಆ ಚಳಿ ಬೆಳಗಿನಲ್ಲಿ, ಮೊದಲ ಕಪ್ ದಿನಾ ಒಂದು ಚೂರು ಹುಳಿಯಾಗಿ ಬರತೊಡಗಿತು. ಎರಡನೇ ಕಪ್ ಸರಿ ಇರುತ್ತಿತ್ತು. ಬೀಜ ಬದಲಿಸಿದೆ, ಗ್ರೈಂಡ್ ಬದಲಿಸಿದೆ. ಕೊನೆಗೆ ಸ್ಕ್ರೀನ್ ರಾತ್ರಿಯೆಲ್ಲ ಸಿಂಕ್ ಪಕ್ಕ ತಣ್ಣಗೆ ಕೂತಿರುತ್ತದೆ ಅನ್ನುವುದು ಹೊಳೆಯಿತು. ಈಗ ಅದು ಮಷಿನ್ ತಲೆಯ ಮೇಲೆ ಕಪ್‌ಗಳ ಜೊತೆ ಇರುತ್ತದೆ. ಶಾಟ್‌ಗೆ ಮುಂಚೆ ಮಷಿನ್‌ನ ಬಿಸಿನೀರನ್ನೇ ಅದರ ಮೇಲೆ ಬಿಟ್ಟು, ಒರೆಸಿ ಇಡುತ್ತೇನೆ. ಹುಳಿ ಹೋಯಿತು.

ತೊಳೆಯುವುದು ಈ ವಸ್ತುವಿನ ಅರ್ಧ ಬದುಕು. ಪ್ರತಿ ಶಾಟ್ ಆದ ಕೂಡಲೇ ನಲ್ಲಿ ಕೆಳಗೆ ಹಿಡಿದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡೂ ಕಡೆ ಉಜ್ಜಬೇಕು. ಒಣಗಲು ಬಿಟ್ಟರೆ ಎಣ್ಣೆ ಒಳಗೇ ಗಟ್ಟಿಯಾಗುತ್ತದೆ. ಇದು ಒಂದೇ ಜಾಲರಿ ಅಲ್ಲ, ಹಲವು ಪದರ ಸೇರಿಸಿ ಬೆಸೆದದ್ದು. ಮೇಲೆ ಫಳಫಳ ಹೊಳೆಯುತ್ತಿದ್ದರೂ ಒಳಗೆ ಕಟ್ಟಿಕೊಂಡಿರಬಹುದು. ಕಂಡುಹಿಡಿಯುವ ದಾರಿ ಸುಲಭ. ಅಡ್ಡವಾಗಿ ಹಿಡಿದು ಮೇಲಿನಿಂದ ನೀರು ಬಿಡಿ. ಚೊಕ್ಕ ಇದ್ದರೆ ನೀರು ಹಾಗೇ ತೂರಿ ಹೋಗುತ್ತದೆ. ಕಟ್ಟಿಕೊಂಡಿದ್ದರೆ ತಟ್ಟೆಯಲ್ಲಿ ನಿಂತಂತೆ ನಿಂತು ಅಂಚಿನಿಂದ ಹೊರಗೆ ಚೆಲ್ಲುತ್ತದೆ. ನಾನು 15 ದಿನಕ್ಕೊಮ್ಮೆ ಮಷಿನ್ ತೊಳೆಯುವ ಪುಡಿಯನ್ನು ಬಿಸಿನೀರಿಗೆ ಹಾಕಿ ಅರ್ಧ ಗಂಟೆ ನೆನೆಸುತ್ತೇನೆ. ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಚೆನ್ನಾಗಿ ಜಾಲಿಸಬೇಕು.

ಎಣ್ಣೆಗೆ ಈ ಪುಡಿ ಸಾಕು, ಸುಣ್ಣಕ್ಕೆ ಸಾಲದು. ನಮಗೆ ಕಾವೇರಿ ನೀರು ಬರುವಾಗ ತೊಂದರೆ ಇರಲಿಲ್ಲ. ಬೇಸಿಗೆಯಲ್ಲಿ ನಲ್ಲಿ ನೀರು ಸಾಲದೆ ಬೋರ್‌ವೆಲ್ ನೀರಿನ ಟ್ಯಾಂಕರ್ ತರಿಸಿದ ತಿಂಗಳು ಜಾಲರಿಯ ಮೇಲೆ ಬಿಳಿ ಚುಕ್ಕೆ ಕಾಣಿಸಿದವು. ಮಷಿನ್ ಒಳಗೆ ಹೋಗುವುದು ಕ್ಯಾನ್ ನೀರು, ತೊಳೆಯುವುದು ನಲ್ಲಿ ನೀರಲ್ಲಿ. ಬಿಸಿಯಾದ ಜಾಲರಿಯ ಮೇಲೆ ಆ ಗಡಸು ನೀರು ಒಣಗಿ ಸುಣ್ಣ ಕಟ್ಟಿತ್ತು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ 20 ನಿಮಿಷ ಇಟ್ಟೆ, ಬಿಟ್ಟಿತು. ಈಗ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸದೆ ಇಡುವುದಿಲ್ಲ.

ಚಿಕೋರಿ ಬೆರೆಸಿದ ಪುಡಿಯನ್ನು ಮಾತ್ರ ಇದರ ಕೆಳಗೆ ಹಾಕಬೇಡಿ. ಗಾಂಧಿ ಬಜಾರಿನಿಂದ ತಂದ 80-20 ಪುಡಿಯಲ್ಲಿ ಒಂದು ಸಲ ಮಾಡಿ ನೋಡಿದೆ. ಶಾಟ್ ತೊಟ್ಟು ತೊಟ್ಟಾಗಿ ಇಳಿಯಿತು, ಜಾಲರಿಗೆ ಪಾಕದಂಥ ಅಂಟು ಹಿಡಿಯಿತು. ಎರಡು ಸಲ ನೆನೆಸಬೇಕಾಯಿತು. ಆ ಪುಡಿಗೆ ಹಿತ್ತಾಳೆ ಫಿಲ್ಟರೇ ಸರಿ, ಅದರ ರುಚಿ ಅಲ್ಲೇ ಬರುವುದು.

ಒಂದು ಸಲ ಸ್ಕ್ರೀನ್ ಕಳೆದುಹೋಗಿತ್ತು. ಬಳಸಿದ ಪಕ್‌ಗಳನ್ನು ಟೆರೇಸ್ ಮೇಲಿನ ಗೊಬ್ಬರದ ಡಬ್ಬಕ್ಕೆ ಹಾಕುತ್ತೇವೆ. ಬೆಳಗಿನ ಅವಸರದಲ್ಲಿ ಪಕ್ ಜೊತೆ ಅದೂ ಹೋಯಿತು. ಡಬ್ಬದಲ್ಲಿ ಫ್ರಿಜ್ ಮೇಲಿನ ಅಯಸ್ಕಾಂತ ಆಡಿಸಿ ಹುಡುಕಿದೆ, ಸಿಗಲಿಲ್ಲ. ಇದು 316 ದರ್ಜೆಯ ಸ್ಟೀಲ್, ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ಮೂರು ವಾರದ ಮೇಲೆ ಅಮ್ಮ ಕರಿಬೇವಿನ ಕುಂಡಕ್ಕೆ ಗೊಬ್ಬರ ಜರಡಿ ಹಿಡಿಯುವಾಗ ಸಿಕ್ಕಿತು. ಹಸಿ ಗೊಬ್ಬರದ ಬಿಸಿಯಲ್ಲಿ ಮೂರು ವಾರ ಕೂತಿದ್ದರೂ ಒಂದು ಚುಕ್ಕೆ ತುಕ್ಕಿಲ್ಲ. ಕುದಿಯುವ ನೀರಲ್ಲಿ ಹಾಕಿ, ಎರಡು ಸಲ ನೆನೆಸಿ, ಮತ್ತೆ ಬಳಸುತ್ತಿದ್ದೇನೆ. ಕೊಳ್ಳುವಾಗ 316 ಅಂತ ಬರೆದಿದೆಯೇ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಆ ಮೂರು ವಾರ ಕಾಗದ ಬಳಸಿದೆ. ಏರೋಪ್ರೆಸ್ ಅನ್ನುವ, ಕೈಯಲ್ಲಿ ಒತ್ತಿ ಕಾಫಿ ಇಳಿಸುವ ಸಾಧನದ ಫಿಲ್ಟರ್ ಕಾಗದ ಬಾಸ್ಕೆಟ್‌ಗಿಂತ ಸ್ವಲ್ಪ ದೊಡ್ಡದು, ಅಂಚು ಕತ್ತರಿಸಿದರೆ ಕೂರುತ್ತದೆ. ಅದನ್ನು ಒದ್ದೆ ಮಾಡಿ ಪುಡಿಯ ಮೇಲೆ ಹಾಸಿದರೆ ಶವರ್ ಸ್ಕ್ರೀನ್ ಅಷ್ಟೇ ಚೊಕ್ಕ ಇರುತ್ತದೆ. ಜಾಗದ ತಾಪತ್ರಯ ಇಲ್ಲ, ಬಿಸಿ ಹೀರುವುದಿಲ್ಲ, ಕಾಗದ ಪಕ್ ಜೊತೆ ಗೊಬ್ಬರಕ್ಕೇ ಹೋಗುತ್ತದೆ. ದಿನಕ್ಕೆ ಒಂದೇ ಕಪ್ ಮಾಡುವವರಿಗೆ ಇದೇ ಸಾಕು ಅಂತ ಮನಸ್ಸಾರೆ ಹೇಳುತ್ತೇನೆ. ಮೂರು ಕಪ್‌ಗೆ ದಿನಾ ಕತ್ತರಿ ಹಿಡಿಯುವ ತಾಳ್ಮೆ ನನಗಿಲ್ಲ.

ಮೈಸೂರಿನಲ್ಲಿರುವ ನನ್ನ ತಂಗಿ ಹೋದ ತಿಂಗಳು 51 ಮಿ.ಮೀ.ನ ಸಣ್ಣ ಮಷಿನ್ ಕೊಂಡಳು. "ಅಣ್ಣ, ನಿನ್ನದೇ ಸ್ಕ್ರೀನ್ ನನಗೂ ಒಂದು ಕಳಿಸು" ಅಂದಳು. ನನ್ನದು ಅವಳ ಬಾಸ್ಕೆಟ್‌ಗೆ ಇಳಿಯುವುದೇ ಇಲ್ಲ. ಜೊತೆಗೆ ಅವಳ ಹತ್ತಿರ ಇರುವುದು ತಳದಲ್ಲಿ ಒಂದೇ ತೂತಿರುವ ಎರಡು ಗೋಡೆಯ ಬಾಸ್ಕೆಟ್. ಅದರಲ್ಲಿ ಒತ್ತಡ ಕಟ್ಟುವುದು ಆ ತೂತು, ಪುಡಿಯಲ್ಲ. ಮೊದಲು ಮಾಮೂಲಿ ಬಾಸ್ಕೆಟ್ ತಗೋ, ಪುಡಿ ಸಮ ಮಾಡುವುದು ಕಲಿ, ಆಮೇಲೆ ನಾಣ್ಯ ಇಟ್ಟು ನೋಡಿ ಫೋನ್ ಮಾಡು ಅಂದೆ. ನಿನ್ನೆ ರಾತ್ರಿ ಒಂದು ಫೋಟೊ ಕಳಿಸಿದ್ದಾಳೆ. ನಾಣ್ಯ ಪುಡಿಯ ಮೇಲೆ ಸುಮ್ನೆ ಕೂತಿದೆ, ಸುತ್ತ ಒಂದು ಗೆರೆಯೂ ಬಿದ್ದಿಲ್ಲ. ಅವಳಿಗೆ 51ರದ್ದು, 1.7 ಮಿ.ಮೀ. ದಪ್ಪದ್ದು ಇವತ್ತು ಆರ್ಡರ್ ಮಾಡಿದೆ.