ರಾತ್ರಿ ಪದೇ ಪದೇ ಏಳುವವರಿಗೆ ಯಾವುದು ವಾಸಿ: ಕಮೋಡ್ ಕುರ್ಚಿಯಾ, ಡಯಾಪರಾ, ಯೂರಿನ್ ಪಾಟಾ?

ನನ್ನ ಓಟು ಯೂರಿನ್ ಪಾಟಿಗೆ. ಆಸ್ಪತ್ರೆಯಲ್ಲಿ ಮಂಚದ ಕೆಳಗೆ ಇಟ್ಟಿರುತ್ತಾರಲ್ಲ, ಓರೆ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಅದೇ. ಮೆಡಿಕಲ್ ಶಾಪಿನಲ್ಲಿ 150 ರೂಪಾಯಿ ಕೊಟ್ಟೆ. ಅದಕ್ಕಿಂತ ಮೊದಲು ಮಗ 2,800 ರೂಪಾಯಿಯ ಕಮೋಡ್ ಕುರ್ಚಿ ತರಿಸಿದ್ದ. ಆಮೇಲೆ ಚಡ್ಡಿ ಥರ ಹಾಕಿಕೊಳ್ಳುವ ಡಯಾಪರ್ ಬಂತು. ಕೊನೆಗೆ ಗೆದ್ದದ್ದು ಎಲ್ಲಕ್ಕಿಂತ ಅಗ್ಗದ್ದು.

ನನ್ನ ಕಥೆ ಅರವತ್ತು ದಾಟಿದ ಬಹಳ ಗಂಡಸರ ಕಥೆಯೇ. ಪ್ರಾಸ್ಟೇಟ್ ಗ್ರಂಥಿ ದಪ್ಪ ಆಗಿದೆ. ಅದು ಮೂತ್ರ ಹೊರಗೆ ಬರುವ ನಾಳದ ಸುತ್ತಲೇ ಕೂತಿರುವುದರಿಂದ ದಾರಿ ಕಿರಿದಾಗುತ್ತದೆ. ಮೂತ್ರಚೀಲ ಪೂರ್ತಿ ಖಾಲಿ ಆಗುವುದಿಲ್ಲ. ಉಳಿದದ್ದರ ಮೇಲೆ ಹೊಸದು ತುಂಬುತ್ತದೆ, ಸ್ವಲ್ಪ ಹೊತ್ತಿಗೇ ಮತ್ತೆ ಅವಸರ. ಶುಗರ್, ಯೂರಿನ್ ಟೆಸ್ಟ್, ಸ್ಕ್ಯಾನಿಂಗ್ ಎಲ್ಲ ಆಯಿತು. ಡಾಕ್ಟರು ರಾತ್ರಿ ಊಟದ ಮೇಲೆ ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟರು. ಇದನ್ನು ತಗೊಂಡವರು ದಿಢೀರ್ ಅಂತ ಎದ್ದರೆ ಬಿ.ಪಿ. ಇಳಿದು ತಲೆ ಸುತ್ತಬಹುದು, ಮಂಚದ ಅಂಚಿನಲ್ಲಿ ಸ್ವಲ್ಪ ಕೂತು ಆಮೇಲೆ ಏಳಿ ಎಂದೂ ಹೇಳಿದರು.

ಕೂತು ಏಳುವುದೇನೋ ಸರಿ, ಎದ್ದು ಹೋಗಬೇಕಾದದ್ದು ಎಲ್ಲಿಗೆ? ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಬಚ್ಚಲು, ಪಾಯಿಖಾನೆ ಎರಡೂ ಹಿತ್ತಲಲ್ಲಿ. ಮಳೆಗಾಲ ಶುರುವಾದರೆ ಮೆಟ್ಟಿಲ ಕಲ್ಲಿನ ತುಂಬ ಪಾಚಿ. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚು, ಪಂಚೆ ಎತ್ತಿ ಹಿಡಿಯಲು ಕೈಯೇ ಉಳಿಯುವುದಿಲ್ಲ. ಮಲಗುವ ಕೋಣೆಗೇ ಬಾತ್‌ರೂಮ್ ಇರುವವರು ಇದ್ಯಾವುದನ್ನೂ ಕೊಳ್ಳುವುದು ಬೇಡ. ದಾರಿಗೊಂದು ಮಂದ ದೀಪ ಹಾಕಿಸಿ, ಸಾಕು.

ಮೊದಲು ಕಮೋಡ್ ಕುರ್ಚಿ. ನೋಡಲು ಗಟ್ಟಿಮುಟ್ಟು, ಮಡಚಬಹುದು, ಕೈ ಊರಲು ಆಸರೆ ಇದೆ. ಎಲ್ಲ ಸರಿ. ಆದರೆ ಅದರ ಕೆಳಗಿನ ಪಾತ್ರೆಯನ್ನು ಹಿಂದಿನಿಂದ ಎಳೆದು ತೆಗೆಯಬೇಕು! ಈ ಒಂದು ವಿಷಯವನ್ನು ಫೋಟೋದಲ್ಲಿ ಯಾರೂ ತೋರಿಸುವುದಿಲ್ಲ.

ನಮ್ಮ ಕೋಣೆಯಲ್ಲಿ ಮಂಚ, ಮರದ ಬೀರು ಇಟ್ಟ ಮೇಲೆ ಉಳಿಯುವುದು ಒಂದು ಓಣಿ. ಕುರ್ಚಿಯ ಬೆನ್ನು ಗೋಡೆಗೆ ತಾಗಿಸಿಯೇ ಇಡಬೇಕು. ಅಂದರೆ ಪಾತ್ರೆ ತೆಗೆಯಬೇಕಾದರೆ ಇಡೀ ಕುರ್ಚಿಯನ್ನು ಮುಂದೆ ಎಳೆಯಬೇಕು. ಕಾಲುಗಳಿಗೆ ರಬ್ಬರ್ ಬುಶ್ ಇದೆ, ಅದು ರೆಡ್ ಆಕ್ಸೈಡ್ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಜೋರಾಗಿ ಎಳೆದರೆ ಕುರ್ಚಿ ಒಮ್ಮೆಲೇ ಜಗ್ಗುತ್ತದೆ, ಒಳಗಿದ್ದದ್ದು ತುಳುಕುತ್ತದೆ. ಪಾತ್ರೆ ಅಗಲ ಜಾಸ್ತಿ, ಆಳ ಕಮ್ಮಿ. ಬೆಳಿಗ್ಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಹಿತ್ತಲಿಗೆ ನಡೆಯಬೇಕು.

ಕುರ್ಚಿಯನ್ನು ತಿರುಗಿಸಿ ಇಟ್ಟೆ. ಆಗ ಪಾತ್ರೆ ಸಲೀಸಾಗಿ ಬಂತು, ಆದರೆ ಗೋಡೆಗೆ ಮುಖ ಮಾಡಿ ಕೂರಬೇಕು, ಮಂಡಿ ಗೋಡೆಗೆ ಗುದ್ದುತ್ತದೆ. ಅಡ್ಡ ಇಟ್ಟರೆ ಬೀರುವಿನ ಬಾಗಿಲು ತೆರೆಯುವುದಿಲ್ಲ, ನಮ್ಮ ಮನೆಯವಳ ಸೀರೆಗಳೆಲ್ಲ ಇರುವುದು ಅದರಲ್ಲೇ. ಇದರ ಮೇಲೆ ಗಂಡಸರಿಗೆ ಇನ್ನೊಂದು ಕಾಟ. ಕೂತು ಮಾಡಿದರೆ ಮುಂದಿನ ಅಂಚು ದಾಟಿ ನೆಲಕ್ಕೆ ಸಿಡಿಯುತ್ತದೆ. ನಡುರಾತ್ರಿ ನೆಲ ಒರೆಸುವುದಕ್ಕಿಂತ ಮಳೆಯಲ್ಲಿ ಹಿತ್ತಲಿಗೆ ಹೋಗುವುದೇ ಮೇಲು ಅನ್ನಿಸಿತು. ಪಾತ್ರೆಯನ್ನು ಮೇಲಿನಿಂದ ಎತ್ತುವ ಮಾದರಿಯೂ ಇದೆ. ಕುರ್ಚಿಯೇ ಬೇಕು ಅನ್ನುವವರು ಅದನ್ನು ಕೇಳಿ ತಗೊಳ್ಳಿ. ಹೆಂಗಸರಿಗೆ, ಮಂಡಿನೋವಿನವರಿಗೆ ಕುರ್ಚಿಯೇ ಅನುಕೂಲ. ನಮ್ಮದು ಈಗ ಬಚ್ಚಲಲ್ಲಿದೆ, ಅದರ ಮೇಲೆ ಕೂತು ಸ್ನಾನ ಮಾಡುತ್ತೇನೆ.

ಡಯಾಪರ್ ಬಗ್ಗೆ ಹೇಳುವುದು ಕಮ್ಮಿ. ತಡೆಯಲಾಗದೆ ಸೋರಿಹೋಗುವವರಿಗೆ ಅದು ದೊಡ್ಡ ಉಪಕಾರ. ನನಗೆ ಸೋರುವುದಿಲ್ಲ, ಅವಸರ ಅಷ್ಟೇ. ಮಲಗಿದಲ್ಲೇ ಬಿಡು ಅಂದರೆ ಮನಸ್ಸು ಒಪ್ಪುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ತೊಡೆಸಂದಿಯಲ್ಲಿ ತುರಿಕೆ ಬೇರೆ. ಒಂದಕ್ಕೆ 40 ರೂಪಾಯಿ ಹತ್ತಿರ ಬೀಳುತ್ತದೆ, ಮತ್ತೆ ಅದನ್ನು ಎಸೆಯುವುದು ಎಲ್ಲಿ? ನಮ್ಮ ಕಡೆ ಕಸದ ಗಾಡಿ ಬರುವುದಿಲ್ಲ. ತೋಟದಲ್ಲಿ ಹೂತರೆ ಕರಗುವ ವಸ್ತು ಅಲ್ಲ. ಉಳಿದ ಪ್ಯಾಕೆಟ್ ಬೆಂಗಳೂರಿನ ರಾತ್ರಿ ಬಸ್ಸಿಗೆ ಇಟ್ಟುಕೊಂಡಿದ್ದೇನೆ.

ಇನ್ನು ಪಾಟ್. "ರೀ, ಮನೇನ ಆಸ್ಪತ್ರೆ ಮಾಡ್ಬೇಡಿ" ಎಂದಳು ನಮ್ಮ ಮನೆಯವಳು. ಮಂಚದ ಕೆಳಗೆ ಹಳೇ ಬಕೆಟ್ಟಿನಲ್ಲಿ ಇಟ್ಟು ಮೇಲೆ ಬಟ್ಟೆ ಮುಚ್ಚಿದ ಮೇಲೆ ಸುಮ್ಮನಾದಳು. ಸೊಳ್ಳೆ ಪರದೆಯಿಂದ ಕಾಲು ಮಾತ್ರ ಕೆಳಗಿಳಿಸಿ, ಅಂಚಿನಲ್ಲಿ ಕೂತೇ ಕೆಲಸ ಮುಗಿಯುತ್ತದೆ. ನಿಲ್ಲುವ ಮಾತೇ ಇಲ್ಲ, ಹಾಗಾಗಿ ತಲೆ ಸುತ್ತಿ ಬೀಳುವ ಭಯವೂ ಇಲ್ಲ. ತೆಳು ಪ್ಲಾಸ್ಟಿಕ್ಕಿನದು ಬೇಡ, ಮುಚ್ಚಳ ಕೂರುವುದಿಲ್ಲ, ವಾಸನೆ ಹೊಡೆಯುತ್ತದೆ. ಬಾಯಿಯ ಅಂಚನ್ನು ಬೆರಳಾಡಿಸಿ ನೋಡಿ, ಒರಟಾಗಿದ್ದರೆ ಇನ್ನೊಂದು ಕೊಡಿ ಅನ್ನಿ. ತೊಳೆಯುವಾಗ ಬ್ಲೀಚಿಂಗ್ ಪೌಡರ್ ನೇರವಾಗಿ ಸುರಿಯಬೇಡಿ, ಮೂತ್ರದ ಜೊತೆ ಸೇರಿದರೆ ಕಣ್ಣು ಮೂಗು ಉರಿಸುವ ಗಾಳಿ ಏಳುತ್ತದೆ. ನೀರು, ಸೋಪಿನ ಪುಡಿ, ಬಿಸಿಲು ಸಾಕು.

ಆದರೆ ನಾನು ಪಾಟಿಗೆ ಮನಸೋತದ್ದು ಅದರ ಪಕ್ಕದಲ್ಲಿರುವ ಎಂ.ಎಲ್. ಗೆರೆಗಳಿಗೆ. ಹಗಲು ರಾತ್ರಿ ಎಷ್ಟು ಹೊತ್ತಿಗೆ ಎಷ್ಟು ಹೋಯಿತು ಅಂತ ಬರೆದು ತನ್ನಿ ಎಂದು ಡಾಕ್ಟರು ಹೇಳಿದ್ದರು. ಕುರ್ಚಿಯಲ್ಲಿ, ಡಯಾಪರಿನಲ್ಲಿ ಅಳೆಯುವುದು ಹೇಗೆ? ದೊಡ್ಡವರ ಮೂತ್ರಚೀಲ ಸುಮಾರಾಗಿ 400ರಿಂದ 500 ಎಂ.ಎಲ್. ಹಿಡಿಯುತ್ತದೆ. ನನ್ನದು ಒಂದು ಸಲಕ್ಕೆ 150 ದಾಟುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವೇ ಆದರೆ ತೊಂದರೆ ಸಾಮಾನ್ಯವಾಗಿ ಚೀಲದ್ದು ಅಥವಾ ಪ್ರಾಸ್ಟೇಟಿನದ್ದು. ಪ್ರತಿ ಸಲವೂ ಡಬ್ಬಿ ತುಂಬ ಬಂದರೆ ಕಥೆ ಬೇರೆ. ವಯಸ್ಸಾದವರಲ್ಲಿ ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ರಾತ್ರಿಯೇ ಹೋಗುತ್ತಿದ್ದರೆ ಕಾಲು ಬಾವು, ಹೃದಯ, ಗೊರಕೆಯಲ್ಲಿ ಉಸಿರು ಕಟ್ಟುವುದು, ಹೀಗೆ ಬೇರೆ ಕಡೆ ಹುಡುಕುತ್ತಾರೆ. ದಿನಕ್ಕೆ 3 ಲೀಟರ್ ಮೀರಿದರೆ ಶುಗರ್ ಮೊದಲು ನೋಡುತ್ತಾರೆ.

ನಮ್ಮ ಭಾವನವರದ್ದು ಈ ರಾತ್ರಿಯೇ ಜಾಸ್ತಿ ಹೋಗುವ ಥರ. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತಿತ್ತು. ಮಲಗಿದರೆ ಕಾಲಲ್ಲಿ ನಿಂತ ನೀರು ರಕ್ತಕ್ಕೆ ಮರಳಿ ಮೂತ್ರವಾಗಿ ಇಳಿಯುತ್ತದಂತೆ. ಅವರು ಸಂಜೆ ತಗೊಳ್ಳುತ್ತಿದ್ದ ನೀರಿನ ಮಾತ್ರೆಯನ್ನು (ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ) ಡಾಕ್ಟರು ಬೆಳಿಗ್ಗೆಗೆ ಬದಲಾಯಿಸಿದರು. ಮಧ್ಯಾಹ್ನ ಕಾಲು ಎತ್ತರಕ್ಕೆ ಇಟ್ಟು ಮಲಗಲು ಹೇಳಿದರು. ಪಾಟ್ ಬೇಕಾಗಲೇ ಇಲ್ಲ ಅವರಿಗೆ. ನನಗೆ ಸಂಜೆ ಕಾಫಿ ಬಿಟ್ಟದ್ದರಿಂದ, ಊಟದ ಮೇಲೆ ಚೊಂಬುಗಟ್ಟಲೆ ನೀರು ಕುಡಿಯುವುದು ನಿಲ್ಲಿಸಿದ್ದರಿಂದ ಸ್ವಲ್ಪ ಗುಣ ಕಂಡಿತು. ಹಗಲಲ್ಲಿ ಮಾತ್ರ ನೀರು ಕಮ್ಮಿ ಮಾಡಿಲ್ಲ.

ರಕ್ತ ಕಂಡರೆ, ಉರಿ ಜೊತೆ ಜ್ವರ ಬಂದರೆ, ಅಥವಾ ಮೂತ್ರ ಕಟ್ಟಿ ಹೊಟ್ಟೆ ಕೆಳಗೆ ನೋವು ಬಂದರೆ ಪಾಟು ಕುರ್ಚಿ ಅಂತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಕೊಳ್ಳುವುದಾದರೆ ಎರಡು ತಗೊಳ್ಳಿ. ನಮ್ಮ ಕಡೆ ಆಷಾಢದಲ್ಲಿ ತೊಳೆದಿಟ್ಟ ಪಾಟ್ ಒಣಗುವಷ್ಟರಲ್ಲಿ ಮತ್ತೆ ರಾತ್ರಿ ಆಗಿರುತ್ತದೆ.