1977ರ ಪ್ರೀಮಿಯರ್ ಪದ್ಮಿನಿ: ರಿಸ್ಟೋರ್ ಮಾಡಿಸಿ ಆರು ವರ್ಷ, 31,000 ಕಿಲೋಮೀಟರ್ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೆ ಪದ್ಮಿನಿ ರಿಸ್ಟೋರ್ ಮಾಡಿಸುವ ಆಸೆ ಇದ್ದರೆ ದುಡ್ಡನ್ನೆಲ್ಲ ಪೇಂಟ್‌ಗೆ ಸುರಿಯಬೇಡಿ. ಕಾರಿನ ತಳಕ್ಕೆ ಹಾಕಿ, ಬ್ರೇಕ್‌ಗೆ ಹಾಕಿ, ವೈರಿಂಗ್‌ಗೆ ಹಾಕಿ. ಉಳಿದರೆ ಪೇಂಟ್. ನಾನು ಇದನ್ನು ಉಲ್ಟಾ ಮಾಡಿದೆ, ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕೊಟ್ಟೆ.

ಕಾರು ಅಪ್ಪನದು. 1986ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಮಾರುತಿ 800 ಬಂದು ಆಗಲೇ ಎರಡು ವರ್ಷ ದಾಟಿತ್ತು, ಆದರೆ ನಮ್ಮದು ದೊಡ್ಡ ಸಂಸಾರ. ಪದ್ಮಿನಿಯ ಮುಂದಿನ ಸೀಟು ಉದ್ದಕ್ಕೆ ಬೆಂಚಿನ ಹಾಗೆ, ಗೇರ್ ಸ್ಟೀರಿಂಗ್ ಪಕ್ಕದಲ್ಲಿ, ಹಾಗಾಗಿ ಮುಂದೆಯೇ ಮೂರು ಜನ ಕೂರಬಹುದು. ಅಜ್ಜಿ, ಅತ್ತೆ, ನಾವು ಮೂರು ಮಕ್ಕಳು, ಅಪ್ಪ, ಅಮ್ಮ, ಏಳು ಜನ ನಂಜನಗೂಡಿಗೆ ಹೋಗಿ ಬರುತ್ತಿದ್ದೆವು. 2004ರಲ್ಲಿ ಶೆಡ್ಡಿಗೆ ಸೇರಿದ ಕಾರು ಹದಿನಾಲ್ಕು ವರ್ಷ ಹೊರಗೆ ಬರಲಿಲ್ಲ. ಅಪ್ಪ ಹೋದ ಮೇಲೆ ಗುಜರಿಯವರು ಬಂದು ಬೆಲೆ ಕೇಳಿದರು. ಕೊಡೋಕೆ ಮನಸ್ಸಾಗಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮೂಲದಲ್ಲಿ ಇಟಲಿಯ ಫಿಯಟ್ 1100ಡಿ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಮಾಡುತ್ತಿದ್ದರು. ನಡುವೆ ಸ್ವಲ್ಪ ಕಾಲ ಪ್ರೆಸಿಡೆಂಟ್ ಅಂತ ಹೆಸರಿತ್ತು, ಆಮೇಲೆ ಚಿತ್ತೂರಿನ ರಾಣಿಯ ಹೆಸರಿಟ್ಟು ಪದ್ಮಿನಿ ಮಾಡಿದರು. ನಮ್ಮ ಕಡೆ ಹಳಬರು ಈಗಲೂ ಫಿಯಟ್ ಅಂತಲೇ ಕರೆಯೋದು. 1089 ಸಿಸಿ ಎಂಜಿನ್, ನಾಲ್ಕು ಗೇರ್, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್.

ಮೊದಲ ಗ್ಯಾರೇಜಿನ ಹೆಸರು ಬೇಡ. ಹದಿನಾಲ್ಕು ತಿಂಗಳು ಕಾರು ಇಟ್ಟುಕೊಂಡರು. ಕೊಟ್ಟ ದಿನ ಕೆನೆ ಬಣ್ಣದಲ್ಲಿ ಮಿಂಚುತ್ತಿತ್ತು, ಕ್ರೋಮ್ ಬಂಪರಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಅಮ್ಮ ಆರತಿ ಎತ್ತಿದರು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಡ್ರೈವರ್ ಬಾಗಿಲಿನ ಕೆಳಗೆ ಪೇಂಟ್ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಉಗುರಿನಿಂದ ಒತ್ತಿದೆ, ಬಿಸ್ಕತ್ತಿನ ಹಾಗೆ ಒಂದು ಚೂರು ಕಳಚಿ ಕೈಗೆ ಬಂತು. ಒಳಗೆ ತಗಡೇ ಇರಲಿಲ್ಲ. ಪುಟ್ಟಿ (ಗುಂಡಿ ಮುಚ್ಚೋಕೆ ಮೆತ್ತುವ ಪೇಸ್ಟ್), ಅದರ ಹಿಂದೆ ಒಂದು ತಂತಿಯ ಜಾಲರಿ, ಅದರ ಹಿಂದೆ ತುಕ್ಕಿನ ಪುಡಿ. ಮ್ಯಾಟ್ ಎತ್ತಿ ನೋಡಿದರೆ ಕ್ಲಚ್ ಪೆಡಲ್ ಕೆಳಗೆ ರಸ್ತೆ ಕಾಣುತ್ತಿತ್ತು.

ಇದು ಬರೀ ಅಂದದ ವಿಷಯ ಅಲ್ಲ. ಅಂಬಾಸಿಡರ್ ಇರಲಿ, ಪದ್ಮಿನಿ ಇರಲಿ, ಇವಕ್ಕೆ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ತಳದ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಇವೇ ಕಾರಿನ ಬೆನ್ನುಮೂಳೆ. ಅಲ್ಲಿ ಪುಟ್ಟಿ ತುಂಬಿದರೆ ಜಾಕ್ ಕೊಟ್ಟಾಗ ಬಾಡಿ ಬಾಗಿ ಬಾಗಿಲು ಮುಚ್ಚೋದಿಲ್ಲ. ನನ್ನದಕ್ಕೆ ಹಾಗೇ ಆಗುತ್ತಿತ್ತು, ನಾನು ಹಿಂಜ್ ಸವೆದಿದೆ ಅಂದುಕೊಂಡಿದ್ದೆ.

ಎರಡನೇ ಸಲ ಸಿಕ್ಕವರು ಮೈಸೂರಿನಲ್ಲೇ ಒಬ್ಬ ಟಿಂಕರಿಂಗ್ ಮೇಸ್ತ್ರಿ. ಬೋರ್ಡೂ ಇಲ್ಲದ ಚಿಕ್ಕ ಶೆಡ್. ಪೇಂಟನ್ನೆಲ್ಲ ಕೆರೆಸಿ, ಕೊಳೆತಿದ್ದನ್ನು ಕತ್ತರಿಸಿ ತೆಗೆದು, ಹೊಸ ಶೀಟ್ ಬಗ್ಗಿಸಿ ವೆಲ್ಡ್ ಮಾಡಿದರು. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಕೊಟ್ಟು ಬಿಗಿ ಮಾಡಿಕೊಂಡರು, ಇಲ್ಲದಿದ್ದರೆ ಬಾಡಿ ಜೋತುಬೀಳುತ್ತದೆ ಅಂತ. ಒಂದೊಂದು ಪ್ಯಾಚ್ ಆದಾಗಲೂ ನನ್ನನ್ನು ಕರೆದು ತೋರಿಸಿ, ಆಮೇಲೆ ಪ್ರೈಮರ್ ಹೊಡೆಯುತ್ತಿದ್ದರು. ಮೂರೂವರೆ ತಿಂಗಳು, 1 ಲಕ್ಷ 40 ಸಾವಿರ. ಆ ತಳ ಇವತ್ತಿಗೂ ಗಟ್ಟಿಯಾಗಿದೆ. ಪ್ರತಿ ಮಳೆಗಾಲದ ಮುಂಚೆ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡುತ್ತೇನೆ, ಕೆಸರು ತೊಳೆದು ಅಂಡರ್‌ಕೋಟ್ ಹೊಡೆಸುತ್ತೇನೆ, ಅಷ್ಟೇ.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ. ಸವೆದ ಸಿಲಿಂಡರಿಗೆ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಹೆಡ್ ಬಿಚ್ಚಿದಾಗಲೇ ಗಟ್ಟಿ ವಾಲ್ವ್ ಸೀಟ್ (ವಾಲ್ವ್ ಬಂದು ಕೂರುವ ಉಂಗುರ) ಕೂರಿಸಿದ್ದು ಒಳ್ಳೆ ಕೆಲಸ. ಈ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು. 2000ನೇ ಇಸವಿಯಲ್ಲಿ ಆ ಪೆಟ್ರೋಲ್ ನಿಂತಿತು, ಸೀಸ ಇಲ್ಲದೆ ಹಳೇ ವಾಲ್ವ್ ಸೀಟುಗಳು ನಿಧಾನಕ್ಕೆ ಸವೆಯುತ್ತವೆ. ಮಾರುತಿ ಎಸ್ಟೀಮ್ ಕಾರಿನ ಎಂಜಿನ್ ಹಾಕಿಸು, ಹಾರಿಕೊಂಡು ಹೋಗುತ್ತೆ ಅಂತ ಹೇಳಿದವರು ಬಹಳ ಜನ. ನನಗೆ ಆ ಶಬ್ದವೇ ಬೇಕಿತ್ತು, ಅಪ್ಪ ಬೀದಿ ತಿರುವಿಗೆ ಬಂದಾಗ ಕೇಳುತ್ತಿದ್ದ ಶಬ್ದ. ಅದು ಬಿಟ್ಟರೆ ಕಾನೂನೂ ಇದೆ. ಎಂಜಿನ್ ಬದಲಾಯಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಮಾರ್ಪಾಡಾದ ಗಾಡಿಯನ್ನು ರಿಜಿಸ್ಟರ್ ಮಾಡುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಹಾಗಂತ ಏನೂ ಬದಲಾಯಿಸಬಾರದು ಅನ್ನುವವನಲ್ಲ ನಾನು. ನನ್ನ ಲೆಕ್ಕ ಇಷ್ಟು: ಹೊರಗೆ ಕಾಣಬಾರದು, ಬೇಕೆಂದಾಗ ಮೊದಲಿನ ಹಾಗೆ ಮಾಡೋಕೆ ಬರಬೇಕು, ಸುರಕ್ಷತೆಗೆ ಉಪಯೋಗ ಆಗಬೇಕು.

ಬ್ರೇಕ್ ಕಥೆ ಹೇಳಲೇಬೇಕು. 2021ರಲ್ಲಿ ಚಾಮುಂಡಿ ಬೆಟ್ಟ ಇಳಿಯುತ್ತಿದ್ದೆ, ಪಕ್ಕದಲ್ಲಿ ಅಮ್ಮ. ನಂದಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಪೆಡಲ್ ಒತ್ತಿದೆ, ಕಾಲು ನೇರ ನೆಲಕ್ಕೆ ಹೋಯಿತು. ಏನೂ ಇಲ್ಲ. ಸೆಕೆಂಡ್ ಗೇರಿನಲ್ಲಿದ್ದದ್ದು ಪುಣ್ಯ, ಹ್ಯಾಂಡ್‌ಬ್ರೇಕ್ ಎಳೆದು ಎಡಕ್ಕೆ ಮಣ್ಣಿನ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದೆ. ಅಮ್ಮ ಒಂದು ಮಾತೂ ಆಡಲಿಲ್ಲ, ನನ್ನ ತೋಳು ಹಿಡಿದ ಕೈ ಮಾತ್ರ ಹತ್ತು ನಿಮಿಷ ಬಿಡಲಿಲ್ಲ. ಆಗಿದ್ದು ಇಷ್ಟೇ, ಹಿಂದಿನ ಒಂದು ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಹರಿದು ಬ್ರೇಕ್ ಆಯಿಲ್ ಸೋರಿತ್ತು. ಆಗ ನನ್ನ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಆಯಿಲ್ ಹೋಗೋಕೆ ಒಂದೇ ಲೈನ್. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಆ ವಾರವೇ ಎರಡು ಲೈನಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ), ಹೊಸ ಪೈಪ್, ನಾಲ್ಕೂ ವೀಲ್ ಸಿಲಿಂಡರ್, ಪೆಡಲ್ ಹಗುರ ಮಾಡುವ ಒಂದು ಬೂಸ್ಟರ್ ಹಾಕಿಸಿದೆ. ಒಟ್ಟು 22 ಸಾವಿರ. ಬಾನೆಟ್ ಎತ್ತದೆ ಯಾರಿಗೂ ಗೊತ್ತಾಗಲ್ಲ. ನಿಮ್ಮ ಹತ್ತಿರ ಹಳೆ ಕಾರಿದ್ದು ಅದರಲ್ಲಿ ಇನ್ನೂ ಒಂದೇ ಲೈನ್ ಇದ್ದರೆ ದಯವಿಟ್ಟು ಮೊದಲು ಇದನ್ನು ಮಾಡಿಸಿ.

ವೈರಿಂಗ್ ಪೂರ್ತಿ ಹೊಸದು. ಹಳೇ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿದ ಮೇಲೆ ರಾತ್ರಿ ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾಗೋದು ನಿಂತಿತು. ಹೆಡ್‌ಲೈಟ್‌ಗೆ ರಿಲೇ ಕೊಡಿಸಿ, ಇಲ್ಲದಿದ್ದರೆ ಹ್ಯಾಲೊಜೆನ್ ಬಲ್ಬಿನ ಕರೆಂಟೆಲ್ಲ ಸ್ಟೀರಿಂಗ್ ಪಕ್ಕದ ಆ ಸಣ್ಣ ಸ್ವಿಚ್ಚಿನಲ್ಲೇ ಹಾದು ಅದನ್ನು ಸುಡುತ್ತದೆ. ಸ್ಪಾರ್ಕ್ ಹಂಚುವ ಡೆಲ್ಕೊದಲ್ಲಿ (ಡಿಸ್ಟ್ರಿಬ್ಯೂಟರ್) ಪಾಯಿಂಟ್ ಅನ್ನುವ ಹಳೇ ಸ್ವಿಚ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿದ್ದೇನೆ, ಬೆಳಗ್ಗೆ ಚೋಕ್ ಎಳೆದರೆ ಎರಡನೇ ಸುತ್ತಿಗೇ ಸ್ಟಾರ್ಟ್. ಆದರೂ ಒಂದು ಜೊತೆ ಪಾಯಿಂಟ್, ಕಂಡೆನ್ಸರ್ ಡಿಕ್ಕಿಯಲ್ಲಿ ಇರುತ್ತವೆ. ಕಿಟ್ ಕೆಟ್ಟರೆ ರಸ್ತೆ ಬದಿಯಲ್ಲಿ ಏನೂ ಮಾಡೋಕಾಗಲ್ಲ, ಪಾಯಿಂಟಾದರೆ ಮರಳು ಕಾಗದದಲ್ಲಿ ಉಜ್ಜಿ ಮನೆ ಸೇರಬಹುದು.

ಈ ಕಾರಿನ ಹಳೇ ಕಾಯಿಲೆ ಅಂದರೆ ಬಿಸಿಲಿನಲ್ಲಿ ನಿಂತುಬಿಡೋದು. ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿದೆ. ಟ್ರಾಫಿಕ್ಕಿನಲ್ಲಿ ಬಿಸಿಯಾದಾಗ ಒಳಗೆ ಪೆಟ್ರೋಲ್ ಆವಿಯಾಗುತ್ತದೆ, ಪಂಪ್ ಎಳೆಯೋದು ನಿಲ್ಲಿಸುತ್ತದೆ. ಅಪ್ಪ ಸೀಟಿನ ಕೆಳಗೆ ಯಾವಾಗಲೂ ಒಂದು ಬಟ್ಟೆ, ಒಂದು ಬಾಟಲಿ ನೀರು ಇಟ್ಟಿರುತ್ತಿದ್ದರು. ಒದ್ದೆ ಬಟ್ಟೆ ಪಂಪಿಗೆ ಸುತ್ತಿ, ಅದು ಚುಂಯ್ ಅಂತ ಹೊಗೆಯಾಡಿದ ಮೇಲೆ ಐದು ನಿಮಿಷ ಕಾಯೋದು, ಆ ಐದು ನಿಮಿಷಕ್ಕೆ ನಮಗೆಲ್ಲ ಸೌತೆಕಾಯಿ. ನಾನೂ ಎರಡು ಬೇಸಿಗೆ ಹಾಗೇ ಓಡಿಸಿದೆ. ಆಮೇಲೆ ಟ್ಯಾಂಕಿನ ಹತ್ತಿರ ಒಂದು ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಹಾಕಿಸಿದೆ. ಹೊಸ ಇಂಜೆಕ್ಷನ್ ಕಾರಿನ ಪಂಪ್ ಮಾತ್ರ ಹಾಕಬೇಡಿ, ಒತ್ತಡ ಜಾಸ್ತಿಯಾಗಿ ಕಾರ್ಬುರೇಟರ್ ಉಕ್ಕುತ್ತದೆ. ಡಿಕ್ಕಿ ಹೊಡೆದರೆ ಪಂಪ್ ತಾನೇ ಆಫ್ ಆಗುವ ಸ್ವಿಚ್ ಕೂಡ ಹಾಕಿಸಿ.

ಈಗಿನ ದೊಡ್ಡ ಚಿಂತೆ ಪೆಟ್ರೋಲಿನದೇ. 20 ಪರ್ಸೆಂಟ್ ಎಥನಾಲ್ ಬೆರೆತ ಇ20 ಬಂದಮೇಲೆ ವರ್ಷದೊಳಗೆ ಎರಡು ಸಲ ಹೋಸ್ ಬದಲಾಯಿಸಿದೆ. ಹಳೇ ರಬ್ಬರ್ ಊದಿಕೊಂಡು ಜಿಗುಟಾಗುತ್ತದೆ. ಎಥನಾಲ್ ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನೊಳಗೆ ತುಕ್ಕು. ಈಗ ಎಥನಾಲ್ ತಡೆಯುವ ಹೋಸ್, ಕಾರ್ಬುರೇಟರಿಗೆ ಹೊಸ ಡಯಾಫ್ರಂ, ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು. ಮೈಲೇಜ್ 13 ಇದ್ದದ್ದು 11ಕ್ಕೆ ಬಂದಿದೆ. ಹೆಚ್ಚು ಓಡಿಸದ ತಿಂಗಳಲ್ಲೂ ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸುತ್ತೇನೆ, ಟ್ಯಾಂಕಿನಲ್ಲಿ ಪೆಟ್ರೋಲ್ ತೀರಾ ಕಡಿಮೆಯಾಗೋಕೆ ಬಿಡಲ್ಲ.

ಓಡಿಸೋಕೆ ಹೇಗಿದೆ? 65ರಲ್ಲಿ ಹಾಯಾಗಿ ಹೋಗುತ್ತದೆ. 80 ದಾಟಿದರೆ ಶಬ್ದ ಜಾಸ್ತಿ, ಸ್ಟೀರಿಂಗ್ ಹಗುರಾಗುತ್ತದೆ. ಹಳೇ ಕಾಲದ ಕ್ರಾಸ್‌ಪ್ಲೈ ಟಯರ್ ತೆಗೆದು ರೇಡಿಯಲ್ ಹಾಕಿದ ಮೇಲೆ ಮಳೆಯಲ್ಲಿ ಧೈರ್ಯ ಬಂತು, ನಿಂತಲ್ಲೇ ತಿರುಗಿಸೋಕೆ ಮಾತ್ರ ತೋಳಿಗೆ ಕೆಲಸ. ಮುಂದಿನ ಬಾಗಿಲಿನ ಮೂಲೆಯ ಪುಟ್ಟ ತ್ರಿಕೋನ ಗಾಜು ತಿರುಗಿಸಿದರೆ ಬರುವ ಗಾಳಿ ಎದೆಗೇ ಹೊಡೆಯುತ್ತದೆ, ಎಸಿ ನೆನಪಾಗಲ್ಲ. ಮುಂದಿನ ಚಕ್ರ ತಿರುಗುವ ಕೀಲಾದ ಕಿಂಗ್‌ಪಿನ್‌ಗೆ ಎರಡು ಸಾವಿರ ಕಿಲೋಮೀಟರಿಗೊಮ್ಮೆ ಗ್ರೀಸ್ ತಪ್ಪಿಸಬೇಡಿ.

ಕಾಗದಪತ್ರ: ಐದು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಹಳೇ ಗಾಡಿಗಳ ಗ್ರೀನ್ ಟ್ಯಾಕ್ಸ್. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿನ ರಿಜಿಸ್ಟ್ರೇಷನ್ ನವೀಕರಣಕ್ಕೆ ಕೇಂದ್ರದ ಶುಲ್ಕ 10,000 ಆಗಿದೆ. 50 ವರ್ಷ ದಾಟಿದರೆ ವಿಂಟೇಜ್ ನೋಂದಣಿ ಸಿಗುತ್ತದೆ, 2021ರ ನಿಯಮ, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ನನ್ನದಕ್ಕೆ 2027ರಲ್ಲಿ 50 ತುಂಬುತ್ತದೆ, ಆದರೂ ಮಾಡಿಸಲ್ಲ. ವಿಎ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಂಥದಕ್ಕೆ ಮಾತ್ರ. ನನಗೆ ತರಕಾರಿ ತರೋಕೂ ಇದೇ ಕಾರು ಬೇಕು.

ಜನರ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಅರ್ಧವೇ. 2023ರ ಅಕ್ಟೋಬರಿನಲ್ಲಿ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದಾಗ ನನಗೆ ಫೋನ್ ಮಾಡಿದವರಲ್ಲಿ ಅರ್ಧ ಜನ ನಂಟರಲ್ಲ, ಎಲ್ಲೋ ಪೆಟ್ರೋಲ್ ಬಂಕಿನಲ್ಲಿ, ರ‍್ಯಾಲಿಯಲ್ಲಿ ಪರಿಚಯ ಆದವರು. ಕಾರನ್ನು ತಗ್ಗಿಸಿ ಅಗಲ ಟಯರ್ ಹಾಕುವ ಹುಡುಗರೂ ಅವರಲ್ಲಿದ್ದಾರೆ. ನಮ್ಮ ರಸ್ತೆ ಹಂಪ್‌ಗಳಿಗೆ ಅದು ಸರಿಹೋಗಲ್ಲ ಅಂತ ನಾನು ಹೇಳುತ್ತಲೇ ಇರುತ್ತೇನೆ, ಆದರೆ ನನಗೆ ಬಾಗಿಲ ಬೀಡಿಂಗ್ ರಬ್ಬರ್ ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದುಕೊಟ್ಟದ್ದು ಅವರೇ.

ಕಳೆದ ವರ್ಷ ಶ್ರೀರಂಗಪಟ್ಟಣದ ಹತ್ತಿರ ಟೀ ಕುಡಿಯೋಕೆ ನಿಲ್ಲಿಸಿದ್ದೆ. ಎಪ್ಪತ್ತೈದು ದಾಟಿದ ಯಜಮಾನರೊಬ್ಬರು ಬಂದು ಕಾರಿನ ಹಿಂಬದಿಯ ರೆಕ್ಕೆಯಂಥ ಅಂಚಿನ ಮೇಲೆ ಕೈ ಇಟ್ಟು ನಿಂತರು. “ಒಂದ್ ಸಲ ಕೂತ್ಕೊಳ್ಲಾ ಸಾರ್?” ಅಂದರು. “ಕೂತ್ಕೊಳ್ಳಿ ಯಜಮಾನ್ರೆ” ಅಂದೆ. ಚಪ್ಪಲಿ ಹೊರಗೆ ಬಿಟ್ಟು ಕೂತರು. ಕ್ಲಚ್ ಒತ್ತಿದರು, ಕಣ್ಣು ಮುಂದಿನ ರಸ್ತೆ ಮೇಲೇ ಇತ್ತು, ಕೈ ಮಾತ್ರ ಗೇರ್ ಕಡ್ಡಿಯನ್ನು ಒಂದು, ಎರಡು, ಮೂರು, ನಾಲ್ಕು ಅಂತ ಎಲ್ಲೂ ತಡವರಿಸದೆ ಹಾಕಿಕೊಂಡು ಹೋಯಿತು. ಹದಿನೆಂಟು ವರ್ಷ ಒಬ್ಬ ಡಾಕ್ಟರಿಗೆ ಫಿಯಟ್ ಓಡಿಸಿದ್ದರಂತೆ. “ಮೂರನೇ ಗೇರ್ ಸ್ವಲ್ಪ ಸಡಿಲ ಇದೆ, ಲಿಂಕೇಜ್ ಬುಷ್ ನೋಡ್ಸಿ” ಅಂದರು. ನೋಡಿಸಿದೆ. ಬುಷ್ ಹೋಗಿತ್ತು.

ತಗೊಳ್ಳೋಕೆ ಹೊರಟವರಿಗೆ: ನೋಡೋಕೆ ಹೋಗುವಾಗ ಒಂದು ಸಣ್ಣ ಆಯಸ್ಕಾಂತ, ಒಂದು ಟಾರ್ಚ್, ಕೂರೋಕೆ ಒಂದು ಹಳೇ ಗೋಣಿಚೀಲ ತಗೊಂಡು ಹೋಗಿ. ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ, ನಾಲ್ಕೂ ಚಕ್ರದ ಕಮಾನಿನ ಸುತ್ತ ಆಯಸ್ಕಾಂತ ಇಟ್ಟು ನೋಡಿ. ಅಂಟದ ಕಡೆ ಪುಟ್ಟಿ ಇದೆ ಅಂತ ಲೆಕ್ಕ. ಮ್ಯಾಟ್ ಎತ್ತೋಕೆ ಮಾಲೀಕರು ಬೇಡ ಅಂದರೆ ಟೀ ಕುಡಿದು ವಾಪಸ್ ಬನ್ನಿ.