ವಾಣಿವಿಲಾಸ ಸಾಗರದ ಫೈಬರ್ ದೋಣಿಗೆ ತಳದ ಪೇಂಟ್: ವರ್ಷಗಟ್ಟಲೆ ಬಳಸಿದ ಮೇಲೆ

ಮಾರಿಕಣಿವೆಯಲ್ಲೋ (ಅಂದರೆ ವಾಣಿವಿಲಾಸ ಸಾಗರದಲ್ಲೋ) ಸೂಳೆಕೆರೆಯಲ್ಲೋ ಫೈಬರ್ ದೋಣಿ ಇಟ್ಟವರು ತಳಕ್ಕೆ ಪೇಂಟ್ ಕೇಳಿದರೆ, ಕರಾವಳಿಯ ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವುದು ತಾಮ್ರದ ಆಂಟಿಫೌಲಿಂಗ್, ಅಂದರೆ ತಳಕ್ಕೆ ಜೀವಿಗಳು ಅಂಟದಂತೆ ತಾಮ್ರ ಬಿಡುವ ಪೇಂಟ್. ಕಡಲಿಗೆ ಅದು ಬೇಕೇ ಬೇಕು. ನಮ್ಮ ನೀರಿಗೆ ಹಣ ಹಾಕಬೇಕಾದದ್ದು ರಾಳ, ಹಾರ್ಡ್‌ನರ್ ಎಂಬ ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪೇಂಟಿಗೆ. ಕರಗುವ ತಾಮ್ರದ ಪೇಂಟ್, ಗಟ್ಟಿ ತಾಮ್ರದ ಪೇಂಟ್, ಬರೀ ಎಪಾಕ್ಸಿ ಮೂರನ್ನೂ ಬಳಸಿದ ಮೇಲಿನ ತೀರ್ಮಾನ ಇದು.

ದೋಣಿಯ ತಳಕ್ಕೆ ಅಂಟುವ ಚಿಪ್ಪಿನ ಬಾರ್ನಕಲ್ ಉಪ್ಪುನೀರಿನ ಜೀವಿ, ಸಿಹಿನೀರಿನಲ್ಲಿ ಅದರ ಕಾಟವಿಲ್ಲ. ಇಲ್ಲಿ ತಳಕ್ಕೆ ಅಂಟುವುದು ಲೋಳೆ, ಹಸಿರು ಪಾಚಿ. ಅದೂ ಬಿಸಿಲು ತಾಗುವ ನೀರಿನ ಗೆರೆಯ ಆಸುಪಾಸಿನಲ್ಲೇ ಹೆಚ್ಚು. ಆದರೆ ಫೈಬರ್‌ಗೆ ಗುಳ್ಳೆ ಏಳುವ ಕಾಯಿಲೆ ಉಪ್ಪುನೀರಿಗಿಂತ ಸಿಹಿನೀರಿನಲ್ಲೇ ಜೋರು. ಜೆಲ್‌ಕೋಟ್ (ಫೈಬರ್‌ನ ಹೊರಗಿನ ನುಣುಪು ಪದರ) ದಾಟಿ ಒಳಸೇರಿದ ನೀರು ರಾಳದಲ್ಲಿ ಕರಗುವ ಅಂಶಗಳೊಂದಿಗೆ ಬೆರೆತು ಗಟ್ಟಿ ದ್ರಾವಣವಾಗುತ್ತದೆ. ಹೊರಗಿನ ನೀರಿನಲ್ಲಿ ಉಪ್ಪು ಕಡಿಮೆಯಾದಷ್ಟೂ ಒಳಕ್ಕೆ ಎಳೆತ ಹೆಚ್ಚು. ನೀರು ಬೆಚ್ಚಗಿದ್ದರೆ ಇನ್ನೂ ಬೇಗ. ತಾಮ್ರದ ಪೇಂಟ್ ಇದನ್ನು ತಡೆಯುವುದಿಲ್ಲ, ನೀರನ್ನು ಹೊರಗಿಡುವುದು ಎಪಾಕ್ಸಿ ಪದರ.

ಕರಗುವ ಪೇಂಟ್ ದೋಣಿ ಓಡುತ್ತಿದ್ದರಷ್ಟೇ ಸವೆದು ಹೊಸ ಪದರ ತೋರಿಸುತ್ತದೆ. ಕಟ್ಟಿಹಾಕಿದ ದೋಣಿಯಲ್ಲಿ ಲೋಳೆ ಹಾಗೇ ಕೂರುತ್ತದೆ. ಇನ್ನು ದಡ: 1933ರ ನಂತರ ವಾಣಿವಿಲಾಸ ಸಾಗರ ಮತ್ತೆ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ ಅದು ತುಂಬುವುದೇ ಅಪರೂಪ. ನೀರು ಇಳಿದ ವರ್ಷ ಕಲ್ಲು ಗರಸಿನ ಮೇಲೆ ದೋಣಿ ಎಳೆದರೆ ಈ ಮೆತ್ತನೆಯ ಪೇಂಟ್ ಪಟ್ಟೆ ಪಟ್ಟೆಯಾಗಿ ಎದ್ದುಹೋಗುತ್ತದೆ. ಗಟ್ಟಿ ತಾಮ್ರದ್ದು ಎಳೆತಕ್ಕೆ ತಡೆಯುತ್ತದೆ, ಆದರೆ ಪ್ರತಿ ಸಲ ಹೊಡೆದಾಗ ದಪ್ಪ ಏರಿ ಕೊನೆಗೆ ಬಿರುಕು ಬಿಡುತ್ತದೆ. ಇದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಇದು ಹಿರಿಯೂರು, ಚಿತ್ರದುರ್ಗದ ಜನ ಕುಡಿಯುವ ನೀರು. ಬರೀ ಪಾಚಿಗೋಸ್ಕರ ತಾಮ್ರ ಬಿಡುವ ಬಣ್ಣವನ್ನು ಅದರಲ್ಲಿ ತೇಲಿಸುವುದು ನನಗೆ ಒಪ್ಪಿಗೆಯಿಲ್ಲ.

ಎಪಾಕ್ಸಿ ಎಷ್ಟು ಬೇಕೆನ್ನುವ ಅಳತೆ ಹೀಗೆ: ನೀರಿನ ಗೆರೆಯ ಉದ್ದವನ್ನು, ಅಗಲ ಮತ್ತು ಮುಳುಗುವ ಆಳದ ಮೊತ್ತದಿಂದ ಗುಣಿಸಿ. 5 ಮೀಟರ್ ಉದ್ದ, 1.6 ಅಗಲ, 0.3 ಆಳದ ದೋಣಿಗೆ ಸುಮಾರು 9.5 ಚದರ ಮೀಟರ್. ಒಣಗಿದ ಮೇಲೆ ಒಟ್ಟು 250 ಮೈಕ್ರಾನ್ (ಕಾಲು ಮಿಲಿಮೀಟರ್) ದಪ್ಪ ನಿಲ್ಲಬೇಕು, ಅಂದರೆ 50ರಂತೆ ಐದು ಕೋಟ್. ಲೀಟರಿಗೆ 9 ಚದರ ಮೀಟರ್ ಹಿಡಿದರೆ 5.3 ಲೀಟರ್; ರೋಲರ್, ಟ್ರೇ ಕುಡಿಯುವುದೂ ಸೇರಿ 6 ಲೀಟರ್ ತನ್ನಿ.

ಕೆಲಸ ಕೆಡುವುದು ಬಹುಪಾಲು ಪೇಂಟ್ ಡಬ್ಬಿ ತೆರೆಯುವ ಮೊದಲೇ. ಹೊಸ ದೋಣಿಯ ಮೇಲೆ ಅಚ್ಚಿನ ಮೇಣ ಇರುತ್ತದೆ. ಅದನ್ನು ಮೊದಲು ಥಿನ್ನರ್ ಬಟ್ಟೆಯಿಂದ, ಬಟ್ಟೆ ಬದಲಿಸುತ್ತಾ ಒರೆಸಿ. ಆಮೇಲೆ 80ರ ಎಮರಿ ಪೇಪರ್. ಮೊದಲೇ ಉಜ್ಜಿದರೆ ಮೇಣ ಗೀರುಗಳೊಳಗೆ ಹೊಕ್ಕು ಪೇಂಟ್ ಹಾಳೆ ಹಾಳೆಯಾಗಿ ಏಳುತ್ತದೆ. ಹಳೆಯ ದೋಣಿಯಾದರೆ ತಳ ಒಣಗಿದೆಯೇ ನೋಡಬೇಕು: ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಬಿಸಿಲಿಗೆ ಬಿಡಿ. ಸಂಜೆಗೆ ಒಳಗಡೆ ಹನಿ ಕಂಡರೆ ಇನ್ನೂ ವಾರಗಟ್ಟಲೆ ಒಣಗಲಿ. ಒದ್ದೆ ತಳಕ್ಕೆ ಎಪಾಕ್ಸಿ ಹೊಡೆದರೆ ನೀರನ್ನು ಒಳಗೇ ಕೂಡಿಹಾಕಿದಂತೆ.

ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ. ಮುಂಗಾರಿನ ಗಾಳಿ ದುರ್ಗದ ಗುಡ್ಡಗಳ ಗಾಳಿಯಂತ್ರ ತಿರುಗಿಸುವಂಥದ್ದು, ಹಸಿ ಪೇಂಟಿಗೆ ದೂಳು ತಂದು ಮೆತ್ತುತ್ತದೆ. ಮುಂಜಾನೆ ಇಬ್ಬನಿ ಆರಿದ ಮೇಲೆ ಶುರುಮಾಡಿ ಬಿಸಿಲೇರುವ ಮೊದಲು ನಿಲ್ಲಿಸಿ. ಸೆಖೆ 10 ಡಿಗ್ರಿ ಏರಿದರೆ ಬೆರೆಸಿದ ಎಪಾಕ್ಸಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಅರ್ಧ ಲೀಟರಿಗಿಂತ ಹೆಚ್ಚು ಒಟ್ಟಿಗೆ ಬೆರೆಸಬೇಡಿ. ಹಾರ್ಡ್‌ನರ್ ಅಂದಾಜಿನಲ್ಲಿ ಸುರಿಯುವುದಲ್ಲ, ಡಬ್ಬಿಯ ಮೇಲಿನ ಪ್ರಮಾಣದಲ್ಲೇ ಅಳೆಯಿರಿ. ಒಂದು ಕೋಟ್ ಬೂದು, ಮುಂದಿನದು ಬೇರೆ ಬಣ್ಣ ಇದ್ದರೆ ಬಿಟ್ಟುಹೋದ ಜಾಗ ತಾನೇ ಕಾಣುತ್ತದೆ.

ಬೆರಳೊತ್ತಿದರೆ ಗುರುತು ಬೀಳಬೇಕು, ಪೇಂಟ್ ಬೆರಳಿಗೆ ಹತ್ತಬಾರದು: ಮುಂದಿನ ಕೋಟಿಗೆ ಅದೇ ಹದ. ರಾತ್ರಿ ಕಳೆದರೆ ಮೇಲೆ ಜಿಡ್ಡಿನ ಪೊರೆ ಕಟ್ಟಿರಬಹುದು. ನೀರು ಹಾಕಿ ಸ್ಕ್ರಬ್ಬರಿನಿಂದ ತೊಳೆದು, ಒಣಗಿಸಿ, ಆಮೇಲೆ 120ರಲ್ಲಿ ಉಜ್ಜಿ. ತೊಳೆಯದೆ ಉಜ್ಜಿದವರ ಪೇಂಟ್ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ.

ಹೊಳಪಿಗೆಂದು ಪಿಯು (ಪಾಲಿಯುರೆಥೇನ್) ಪೇಂಟನ್ನು ನೀರಿನ ಗೆರೆಯ ಕೆಳಗೆ ತರಬೇಡಿ; ಸದಾ ಮುಳುಗಿದ್ದರೆ ಗುಳ್ಳೆ ಬರುತ್ತದೆ. ಬರೀ ಎಪಾಕ್ಸಿಗೆ ಇರುವ ಕೊರತೆ ಬಿಸಿಲು. ದಡದಲ್ಲಿ ಬೋರಲು ಹಾಕಿಟ್ಟರೆ ಸೀಮೆಸುಣ್ಣದಂತೆ ಪುಡಿ ಏಳುತ್ತದೆ, ಟಾರ್ಪಾಲ್ ಹೊದಿಸಿ. ಪಾಚಿ ಅಂತೂ ಬಂದೇ ಬರುತ್ತದೆ, ಹದಿನೈದು ದಿನಕ್ಕೊಮ್ಮೆ ಮೆತ್ತನೆಯ ಬ್ರಷ್‌ನಲ್ಲಿ ತಿಕ್ಕಿದರೆ ಹೋಗುತ್ತದೆ. ಆ ಶ್ರಮ ಬೇಡವೆನ್ನುವವರಿಗೆ ಇದು ಒಗ್ಗುವುದಿಲ್ಲ.

ಅಲ್ಯುಮಿನಿಯಂ ದೋಣಿಗಂತೂ ಸಾಮಾನ್ಯ ತಾಮ್ರದ ಪೇಂಟ್ ಹಚ್ಚಲೇಬಾರದು, ಲೋಹವನ್ನೇ ತಿನ್ನುತ್ತದೆ. ಈಗಾಗಲೇ ತಾಮ್ರ ಹಚ್ಚಿದ ದೋಣಿಯನ್ನು ಒಣಗಿದ್ದಾಗ ಉಜ್ಜಬೇಡಿ, ಆ ದೂಳು ವಿಷ. ನೀರು ಹಾಕಿ, ಮಾಸ್ಕ್ ಹಾಕಿಕೊಂಡು, ಕೆಳಗೆ ಟಾರ್ಪಾಲ್ ಹಾಸಿ, ಕೆರೆಯಿಂದ ದೂರದಲ್ಲಿ ಉಜ್ಜಿ. ಬಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಳ್ಳಿ.